ಭಾವನ ಹೆಬ್ಬೆರಳು

ನಿನ್ನೆ ರಾತ್ರಿ ಊಟ ಮುಗಿಸಿ ಕೂತಿದ್ದೆ. ಮೊಬೈಲು ಟಿಂಗ್ ಎಂದಿತು. ಭಾವ ಮಂಗಳ ಕಳಿಸಿದ್ದರು, ಸಂಗೀತ ಕಚೇರಿಯ ಕೊನೆಗೆ ಹಾಡುವುದು. ಕಚೇರಿ ಇನ್ನೂ ಬಂದೇ ಇಲ್ಲ, ಮಂಗಳ ಬಂತು. ಸ್ವಲ್ಪ ಹೊತ್ತು ಬಿಟ್ಟು ತನಿ ಆವರ್ತನದ, ಅಂದರೆ ಮೃದಂಗದವರು ಒಂಟಿಯಾಗಿ ನುಡಿಸುವ ಭಾಗದ, ಒಂದು ತುಂಡು. ಮಲಗುವ ಹೊತ್ತಿಗೆ ಗಾಯಕ ಸೆಮ್ಮಂಗುಡಿಯವರ ಖರಹರಪ್ರಿಯ ರಾಗದ ಆಲಾಪನೆಯ ಬಾಲ. ಅದರ ತಲೆ ಇವತ್ತು ಬೆಳಿಗ್ಗೆ ನಾನು ಹಲ್ಲುಜ್ಜುವಾಗ ತಲುಪಿತು. ಜೊತೆಗೆ ಒಂದು ಪ್ರಶ್ನೆ: "ಭಾವಾ, ಸೆಮ್ಮಂಗುಡಿ ಹೇಗಾಯ್ತು?"

ಎಂತ ಹೇಳುವುದು? ವರ್ಣದಲ್ಲಿ ಶುರುವಾಗಿ, ನಡುವೆ ದೊಡ್ಡ ರಾಗ, ಆಮೇಲೆ ತನಿ, ಕೊನೆಗೆ ಚಿಕ್ಕಪುಟ್ಟ ಹಾಡು, ಮಂಗಳ. ಕಚೇರಿಯನ್ನು ಹೀಗೆ ಜೋಡಿಸಿ ಕೊಟ್ಟವರು ಅರಿಯಕುಡಿ ರಾಮಾನುಜ ಅಯ್ಯಂಗಾರ್ ಎನ್ನುತ್ತಾರೆ. ಅವರು ಜೋಡಿಸಿದ್ದನ್ನು ಬಿಚ್ಚಿಹಾಕಲು ಕಾಸರಗೋಡಿನ ನಮ್ಮ ಪೆರ್ಲದ ಕಡೆಯ ಮೊಬೈಲ್ ಟವರ್ ಒಂದೇ ಸಾಕು.

ಭಾವನ ತೋಟ ತಗ್ಗಿನಲ್ಲಿ, ರೇಂಜ್ ಗುಡ್ಡೆಯ ಮೇಲೆ. ಅವರು ಮನೆಯಲ್ಲಿ ಕೂತು ಕಳಿಸಿದ್ದೆಲ್ಲ ಫೋನಿನಲ್ಲೇ ಉಳಿದಿರುತ್ತದೆ. ಪಂಪ್ ನೋಡಲು ಗುಡ್ಡೆ ಹತ್ತಿದಾಗ ಒಂದೊಂದೇ ಹೊರಡುತ್ತದೆ. ಯಾವುದಕ್ಕೆ ಮನಸ್ಸಾಯಿತೋ ಅದು ಮೊದಲು.

ನಮ್ಮ ಕಡೆ ಸಂಗೀತದ ಹುಚ್ಚು ಇರುವ ನಾಲ್ಕು ಜನ ಸೇರಿದರೆ ಮೊದಲ ಮಾತೇ "ಈಗ ಎಂತ ಕೇಳ್ತಾ ಇದ್ದೀರಿ?" ಇದು ಕುಶಲ ವಿಚಾರಿಸುವ ಪ್ರಶ್ನೆ ಅಲ್ಲ, ಪರೀಕ್ಷೆ. ನೀರ್ಚಾಲಿನ ಒಬ್ಬರು ನಿವೃತ್ತ ಮಾಷ್ಟ್ರು ಇದ್ದಾರೆ. ನೀವು 1965ರ ಕಚೇರಿ ಎಂದರೆ, "ಓ, ಅದಾ? ಅವರ 58ರದ್ದು ಕೇಳ್ಬೇಕು" ಎನ್ನುತ್ತಾರೆ. ನೀವು 58ರದ್ದೇ ಹೇಳಿದರೆ ಅದಕ್ಕೂ ಹಿಂದೆ ಒಂದು ಉಂಟು. ಹುಡುಕಿದರೆ ಎಲ್ಲೂ ಸಿಗುವುದಿಲ್ಲ, ಅವರ ಕಿವಿಯಲ್ಲಿ ಮಾತ್ರ ಇರುತ್ತದೆ. ಮಾಷ್ಟ್ರನ್ನು ಹೇಗೋ ಸಹಿಸಬಹುದು. ಅವರು ಏನನ್ನೂ ಕಳಿಸುವುದಿಲ್ಲವಲ್ಲ.

ಭಾವ ಕಳಿಸುತ್ತಾರೆ. ಲಿಂಕ್ ಕಳಿಸಿ ಎಂದರೆ ಅವರಿಗೆ ಅವಮಾನ. "ಲಿಂಕ್ ಯಾರು ಬೇಕಾದರೂ ಕಳಿಸ್ತಾರೆ. ಇದು ನನ್ನ ಕ್ಯಾಸೆಟ್" ಎನ್ನುತ್ತಾರೆ. ಗಲ್ಫಿನಿಂದ ಬಂದ ಹಳೆಯ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ, ಅದರ ಎದುರು ಫೋನ್ ಹಿಡಿದು, ವಾಟ್ಸಾಪಿನ ಮೈಕ್ ಗುರುತನ್ನು ಹೆಬ್ಬೆರಳಿನಲ್ಲಿ ಒತ್ತಿ ಕೂರುತ್ತಾರೆ. ಟೇಪ್ ರೆಕಾರ್ಡರಿನ ಬೆಲ್ಟ್ ಸಡಿಲ. ಹಾಗಾಗಿ ಅದರಲ್ಲಿ ಡಿ.ಕೆ. ಪಟ್ಟಮ್ಮಾಳ್ ಕೂಡ ಗಂಡಸಿನ ಹಾಗೆ ಕೇಳುತ್ತಾರೆ. ನಮ್ಮ ಮಳೆಗಾಲಕ್ಕೆ ಕ್ಯಾಸೆಟ್ಟಿಗೆಲ್ಲ ಬೂಷ್ಟು ಹಿಡಿದಿದೆ. ಹಾಡಿನ ಉದ್ದಕ್ಕೂ ಕಾವಲಿಗೆ ದೋಸೆ ಹೊಯ್ದ ಹಾಗೆ ಚುಂಯ್ ಎನ್ನುತ್ತಿರುತ್ತದೆ.

ಇಷ್ಟೇ ಆಗಿದ್ದರೆ ಈ ಬರಹ ಬೇಕಾಗಿರಲಿಲ್ಲ. ತೊಂದರೆ ಇರುವುದು ಆ ಹೆಬ್ಬೆರಳಿನಲ್ಲಿ.

ವಾಟ್ಸಾಪಿನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ರೆಕಾರ್ಡ್ ಆಗುತ್ತದೆ, ಬೆರಳು ಎತ್ತಿದರೆ ಹೋಗಿಬಿಡುತ್ತದೆ. ಮೇಲೆ ಎಳೆದು ಬೀಗ ಹಾಕಿಟ್ಟರೆ ಒತ್ತಿ ಹಿಡಿಯಬೇಕಾಗಿಲ್ಲ ಎಂದು ಸೊಸೆ ತೋರಿಸಿಕೊಟ್ಟಿದ್ದಾಳೆ. "ಒತ್ತಿ ಹಿಡಿದರೇ ಸಮಾಧಾನ" ಎಂದರಂತೆ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಎಡಗೈಯ ಹೆಬ್ಬೆರಳು ಫೋನಿನ ಮೇಲೆ. ಸಂಗೀತ ಸಾಧಾರಣವಾಗಿ ಹೋಗುತ್ತಿರುವಷ್ಟು ಹೊತ್ತು ಬೆರಳು ಗಟ್ಟಿ. ರಾಗ ಏರುತ್ತಾ ಏರುತ್ತಾ ತಾರ ಷಡ್ಜದ, ಅಂದರೆ ಮೇಲಿನ ಸಾ ಸ್ವರದ, ಹತ್ತಿರ ಬರುತ್ತದೆ. ಇನ್ನೇನು ಹಿಡಿಯಬೇಕು, ಭಾವ "ಆಹಾ!" ಎಂದು ಎರಡೂ ಕೈ ಮೇಲೆತ್ತುತ್ತಾರೆ. ಟಕ್. ತುಂಡು ಮುಗಿಯಿತು. ಷಡ್ಜ ಪೆರ್ಲದಲ್ಲೇ ಉಳಿಯಿತು.

ಅಂದರೆ ನನಗೆ ಬರುವುದು ಎಂತ? ಒಳ್ಳೆಯದನ್ನು ಬಿಟ್ಟು ಉಳಿದದ್ದು. ಭಾವನಿಗೆ ಬೋರಾದ ಜಾಗ ಪೂರ್ತಿ ಬರುತ್ತದೆ, ಖುಷಿಯಾದ ಜಾಗ ಬರುವುದೇ ಇಲ್ಲ. ಮೂರು ನಿಮಿಷದ ಹಳೆಯ 78ರ ಗ್ರಾಮೊಫೋನ್ ಪ್ಲೇಟಿನಲ್ಲೂ ಒಂದು ಕೀರ್ತನೆಯನ್ನು ತಲೆಯಿಂದ ಕಾಲಿನವರೆಗೆ ಹಾಡಿ ಮುಗಿಸುತ್ತಿದ್ದರು. ಈ ಹೆಬ್ಬೆರಳಿನಲ್ಲಿ ಒಂದು ಪಲ್ಲವಿ ದಾಟುವುದಿಲ್ಲ. ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಕೊನೆಕೊನೆಗೆ ಮೈಕೇ ಬೇಡ ಎಂದು ಹಟ ಹಿಡಿದಿದ್ದರು. ಭಾವನ ಫೋನ್ ಕಂಡಿದ್ದರೆ ಮೈಕ್ ಎಷ್ಟೋ ವಾಸಿ ಎನ್ನುತ್ತಿದ್ದರೋ ಏನೋ.

ಅಡುಗೆಮನೆಯದ್ದು ಬೇರೆ ಕಥೆ. ಟೇಪ್ ರೆಕಾರ್ಡರ್ ಇರುವುದು ಅಡುಗೆಮನೆಯ ಗೋಡೆಯ ಈಚೆಗೆ, ಪ್ಲಗ್ ಅಲ್ಲಿ ಮಾತ್ರ ಇದೆ. ಮೊನ್ನೆ ಗಾಯಕ ಎಂ.ಡಿ. ರಾಮನಾಥನ್ ಅವರ ಸಹಾನ ರಾಗ ಬಂತು. ಪಾಲಕ್ಕಾಡಿನ ಕಡೆಯವರು, ನಮ್ಮ ಕೇರಳದವರೇ. 1984ರಲ್ಲಿ ತೀರಿಕೊಂಡರು. ಅವರಷ್ಟು ನಿಧಾನಕ್ಕೆ, ಅಷ್ಟು ಕೆಳಗಿನ ಶ್ರುತಿಯಲ್ಲಿ ಹಾಡುವವರು ಯಾರೂ ಇರಲಿಲ್ಲ. ಸಡಿಲ ಬೆಲ್ಟಿನಲ್ಲಿ ಕೇಳಿದರೆ ಕೇಳಬೇಡಿ, ಪಾತಾಳ. ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಇಳಿಯುವಷ್ಟರಲ್ಲಿ ಅಕ್ಕನ ಕುಕ್ಕರ್ ಎರಡು ವಿಷಲ್ ಹೊಡೆಯುತ್ತದೆ. ಕುಚ್ಚಲಕ್ಕಿ ನೋಡಿ, ವಿಷಲ್ ಜಾಸ್ತಿ ಬೇಕು. ಕೊನೆಯದು ಹೆಚ್ಚುಕಡಿಮೆ ಪಂಚಮಕ್ಕೆ ಸೇರಿತ್ತು. ಅಷ್ಟರಲ್ಲಿ ಅಕ್ಕ, "ಇವರೇ, ಗ್ಯಾಸ್ ಒಮ್ಮೆ ಆಫ್ ಮಾಡಿ" ಎಂದಳು. ಟಕ್.

ಆಮೇಲೆ ಅದೇ ಸಹಾನವನ್ನು ನಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ, ಕಿವಿಗೆ ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿದೆ. ಸ್ವಚ್ಛ ಇತ್ತು. ತಂಬೂರಿಯ ಒಂದೊಂದು ತಂತಿ ಕೇಳುತ್ತಿತ್ತು. ಆದರೆ ಆ ಜಾಗ ಬಂದ ಕೂಡಲೇ ಮನಸ್ಸು ವಿಷಲ್ ಕಾಯಲು ಶುರು ಮಾಡಿತು. ಬರಲಿಲ್ಲ. ಅನ್ನ ಬೆಂದಿತೋ ಇಲ್ಲವೋ ಎಂಬ ಚಿಂತೆಯಲ್ಲೇ ಸಹಾನ ಮುಗಿಯಿತು. ನನ್ನ ಕಿವಿಯನ್ನು ಇವರು ಹೀಗೆ ಹಾಳು ಮಾಡಿಟ್ಟಿದ್ದಾರೆ.

ಭಾವನ ಹತ್ತಿರ ಭೈರವಿ ರಾಗದ ಒಂದು ಕ್ಯಾಸೆಟ್ ಉಂಟು. ಆಕಾಶವಾಣಿಯ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. 1952ರಲ್ಲಿ ಶುರುವಾದದ್ದು, ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು. ಆಗ ಅವರ ಮನೆಯಲ್ಲಿ ರೇಡಿಯೋ ಬೇರೆ, ಟೇಪ್ ರೆಕಾರ್ಡರ್ ಬೇರೆ. ಒಂದರ ಎದುರು ಇನ್ನೊಂದನ್ನು ಇಟ್ಟು ರೆಕಾರ್ಡ್ ಮಾಡಿದ್ದು. ನಾಯಿ ಬೊಗಳುವುದು, ಮಳೆ, ಯಾರೋ ಕೆಮ್ಮುವುದು ಎಲ್ಲ ಉಂಟು. ಹಾಡಿದ್ದು ಯಾರು ಎಂಬುದು ಮಾತ್ರ ಇಲ್ಲ. ಹೆಸರು ಹೇಳುವ ಜಾಗದ ಮೇಲೆ ಮಗಳು ಚಿಕ್ಕವಳಿದ್ದಾಗ ಬಾಯಿಪಾಠದ ಪದ್ಯ ರೆಕಾರ್ಡ್ ಮಾಡಿದ್ದಾಳೆ. ಭಾವ ಸೆಮ್ಮಂಗುಡಿ ಎನ್ನುತ್ತಾರೆ. ಮಾಷ್ಟ್ರು ಸಾಧ್ಯವೇ ಇಲ್ಲ ಎನ್ನುತ್ತಾರೆ. ಮೊದಮೊದಲು ಪ್ಲೇಟ್ ಕೊಟ್ಟವರ ಪೈಕಿ ಗೌಹರ್ ಜಾನ್, ಹಾಡು ಮುಗಿದ ಕೂಡಲೇ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ತಾವೇ ಹೇಳಿಬಿಡುತ್ತಿದ್ದರು. ಎಷ್ಟು ಅನುಕೂಲ ಅಲ್ವಾ? ನಮ್ಮ ವಿದ್ವಾಂಸರೂ ಆ ಅಭ್ಯಾಸ ಇಟ್ಟುಕೊಂಡಿದ್ದರೆ ಈ ಇಬ್ಬರ ಜಗಳ ಇಷ್ಟು ವರ್ಷ ನಡೆಯುತ್ತಿರಲಿಲ್ಲ.

ಆ ಭೈರವಿಯಲ್ಲಿ ನನಗೆ ಬಹಳ ದಿನ ಅರ್ಥವಾಗದ್ದು ಒಂದಿತ್ತು. ಭಾವನ ತುಂಡು ಯಾವಾಗಲೂ ಒಂದೇ ಕಡೆ ಕಡಿಯುತ್ತದೆ. ಅಲ್ಲಿ ಅಂಥ ವಿಶೇಷ ಏನೂ ಇಲ್ಲ. ಗಾಯಕರು ಉಸಿರು ತೆಗೆದುಕೊಳ್ಳುತ್ತಿದ್ದಾರೆ, ಪಿಟೀಲು ಸುಮ್ನೆ ಹಿಂಬಾಲಿಸುತ್ತಿದೆ. ಒಮ್ಮೆ ವಾಲ್ಯೂಮ್ ಜಾಸ್ತಿ ಮಾಡಿ ಕೇಳಿದೆ. ಪಿಟೀಲಿನ ಹಿಂದೆ ಒಂದು ಹೆಂಗಸಿನ ದನಿ: "ಹಟ್ಟಿ ಬಾಗಿಲು ಹಾಕಿದ್ದೀಯಾ?" ಅದಕ್ಕೆ ಎಳೆ ಹುಡುಗನ ದನಿಯಲ್ಲಿ ಭಾವ, "ಶ್, ಅಮ್ಮಾ!" ಟಕ್.

ಅತ್ತೆ ತೀರಿಕೊಂಡು ಬಹಳ ವರ್ಷ ಆಯಿತು. ಹಟ್ಟಿಯೂ ಈಗ ಇಲ್ಲ, ಅಲ್ಲಿ ಅಡಿಕೆ ಸುಲಿಯುವ ಮೆಷಿನ್ ಇದೆ. ಈ ಬಗ್ಗೆ ನಾನು ಭಾವನ ಹತ್ತಿರ ಏನೂ ಕೇಳಿಲ್ಲ, ಅವರೂ ಹೇಳಿಲ್ಲ. ಭೈರವಿ ಕಳಿಸಿದಾಗೆಲ್ಲ "ಚೆನ್ನಾಗಿತ್ತು" ಎಂದು ಬರೆದು ಕಳಿಸುತ್ತೇನೆ.

ಆದರೂ ಮುಂದಿನದ್ದು ಕೇಳಬೇಕಲ್ಲ? ಅದನ್ನು ಕೇಳಿದರೆ ಹೊಸ ತಕರಾರು. ಕಾರ್ಯಕ್ರಮ ಉದ್ದ, ಕ್ಯಾಸೆಟ್ ಒಂದು ಗಂಟೆಯದ್ದು. ಕೀರ್ತನೆ ಎರಡನೇ ಕ್ಯಾಸೆಟ್ಟಿನಲ್ಲಿ ಇದೆಯಂತೆ. ಅದನ್ನು ಮಾಷ್ಟ್ರು ಕೇಳಲು ಕೊಂಡುಹೋದವರು ವಾಪಸ್ ಕೊಟ್ಟಿಲ್ಲವಂತೆ. ಮಾಷ್ಟ್ರನ್ನು ವಿಚಾರಿಸಿದರೆ, "ಕೊಟ್ಟಾಗಿದೆ ಮಾರಾಯ್ರೆ, ಅವರ ಅಟ್ಟದಲ್ಲಿ ನೋಡಲು ಹೇಳಿ" ಎನ್ನುತ್ತಾರೆ. ಕಳೆದ ವಾರ ಮಧೂರಿನ ಹತ್ತಿರ ಒಂದು ಉಪನಯನದಲ್ಲಿ ಇಬ್ಬರೂ ಪಕ್ಕಪಕ್ಕದ ಎಲೆಗೇ ಕೂತರು. ಈಗ ಇತ್ಯರ್ಥ ಆಗುತ್ತದೆ ಎಂದು ನಾನು ಕಿವಿ ಕೊಟ್ಟೆ. ಪಾಯಸ ಬರುವವರೆಗೂ ಇಬ್ಬರೂ ಅಡಿಕೆಯ ರೇಟಿನ ಬಗ್ಗೆ ಮಾತ್ರ ಮಾತಾಡಿದರು.