ಡಿಕ್ಕಿಯಲ್ಲಿ ಯುಗಾದಿ

ಸೊಂಟ ಇನ್ನೂ ಹಿಡಿದುಕೊಂಡೇ ಇದೆ. ಬಗ್ಗಿ ಶೂ ಲೇಸ್ ಕಟ್ಟಲು ಆಗುತ್ತಿಲ್ಲ, ಸೀನಿದರೆ ಎಡಗಡೆ ಚಳುಕು. ಡಾಕ್ಟರು "ಏನಾದರೂ ಭಾರ ಎತ್ತಿದಿರಾ?" ಅಂತ ಕೇಳಿದರು. "ಇಲ್ಲ, ಕಾರು ಹತ್ತಿದೆ" ಅಂದೆ. ನಾನು ಮುಂದೇನಾದರೂ ಹೇಳುತ್ತೇನೆ ಅಂತ ಸ್ವಲ್ಪ ಹೊತ್ತು ಕಾದರು. ಪಂಚೆ ಉಟ್ಟುಕೊಂಡು ಡಿಕ್ಕಿಯಿಂದ ಕಾರು ಹತ್ತಿದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಅಂತ ನಾನು ಯೋಚಿಸುವಷ್ಟರಲ್ಲಿ ಅವರು ಮಾತ್ರೆ ಬರೆದುಕೊಟ್ಟರು.

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ಪಕ್ಕದ ಒಂದು ಊರಲ್ಲಿ. ಇಲ್ಲಿಯವರಿಗೆ ಕಾರಿನ ಹುಚ್ಚು ಹುಟ್ಟಿನಿಂದಲೇ ಬರುತ್ತೆ, ನನ್ನಂಥವರಿಗೆ ಅಂಟಿಕೊಳ್ಳುತ್ತೆ. 1995ರಿಂದ, ಕೋವಿಡ್ ಬಂದ 2020 ಒಂದನ್ನು ಬಿಟ್ಟು, ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಕಾರುಗಳ ಜಾತ್ರೆ ನಡೆಯುತ್ತೆ. ಬಾಳೆಹಣ್ಣು, ದವನ ಎಸೆಯುವುದಿಲ್ಲ ಅನ್ನುವುದೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ನಮ್ಮೂರ ತೇರೇ. ಹತ್ತು ವರ್ಷ ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ನೋಡಿದೆ. ಹನ್ನೊಂದನೇ ವರ್ಷ ತಡೆಯಲಾಗಲಿಲ್ಲ. ಒಂದು ಸ್ಪೋರ್ಟ್ಸ್ ಕಾರು ಸೆಕೆಂಡ್ ಹ್ಯಾಂಡ್ ಕೊಂಡೆ. ಎರಡೇ ಸೀಟು, ಎಂಟು ಸಿಲಿಂಡರಿನ ವಿ8 ಇಂಜಿನ್, 400ಕ್ಕೂ ಜಾಸ್ತಿ ಕುದುರೆ ಶಕ್ತಿ, ಅಪ್ಪಟ ಅಮೆರಿಕನ್. ಕಂಪನಿ ಹೆಸರು ಬೇಡ ಬಿಡಿ.

ನನ್ನ ಮಗಳು ಅದನ್ನು "ಅಪ್ಪನ ಫ್ರಿಜ್ಜು" ಅನ್ನುತ್ತಾಳೆ. ಯಾವಾಗಲೂ ಪ್ಲಗ್ ಹಾಕಿಕೊಂಡು ಮೂಲೆಯಲ್ಲಿ ನಿಂತಿರುತ್ತಲ್ಲ, ಅದಕ್ಕೆ. ತಪ್ಪೇನಿಲ್ಲ. ಅದರ ಟೈರು ಬೇಸಿಗೆಯದು. ಚಳಿ ಐದು ಡಿಗ್ರಿಗಿಂತ ಕೆಳಗೆ ಹೋದರೆ ರಬ್ಬರು ಗಟ್ಟಿಯಾಗಿ ರಸ್ತೆ ಹಿಡಿಯುವುದಿಲ್ಲ. ಮಿಶಿಗನ್ನಿನಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪಿನಕಾಯಿಗೂ ಯಾರೂ ಅಷ್ಟು ಹಾಕುವುದಿಲ್ಲ. ಅದು ತಳಕ್ಕೆ ಅಂಟಿದರೆ ತುಕ್ಕು. ಹಾಗಾಗಿ ನವೆಂಬರಿನಿಂದ ಮಾರ್ಚ್ ಕೊನೆವರೆಗೆ ಕಾರು ಗ್ಯಾರೇಜಿನಲ್ಲಿ. ನಿಂತಿದ್ದರೂ ಅದರೊಳಗಿನ ಅಲಾರಂ, ಕಂಪ್ಯೂಟರು, ಅದು ಇದು ಸುಮ್ನೆ ಬ್ಯಾಟರಿ ಹೀರುತ್ತಿರುತ್ತವೆ. ಅದಕ್ಕೇ ಒಂದು ಪುಟ್ಟ ಚಾರ್ಜರ್, ಅದರಲ್ಲಿ ಒಂದು ಹಸಿರು ದೀಪ. ಐದು ತಿಂಗಳು ಆ ದೀಪ ನೋಡುವುದೇ ನನ್ನ ಸ್ಪೋರ್ಟ್ಸ್ ಕಾರಿನ ಸುಖ.

ಈ ಸಲ ಫೆಬ್ರವರಿಯಲ್ಲಿ ಅತ್ತೆ, ಮಾವ ಬಂದರು. ಮಾವ ಹಾಸನದ ಕಡೆಯವರು, ಸರ್ಕಾರಿ ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು. ನನ್ನ ಕಾರು ನೋಡಿ ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಕೊಡುತ್ತೆ?" ನಾನು ಕುದುರೆ ಶಕ್ತಿ ಹೇಳಿದೆ. ಅದಲ್ಲ ಅನ್ನುವ ಹಾಗೆ ಕೈಯಾಡಿಸಿ ಒಳಗೆ ಹೋದರು.

ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದ ದಿನ ಬಿಸಿಲು ಬಂದಿತ್ತು. ಉಪ್ಪೆಲ್ಲ ಮಳೆಗೆ ತೊಳೆದುಹೋಗಿತ್ತು. "ರೀ, ಎಲ್ಲರೂ ನನ್ನ ಕಾರಲ್ಲೇ ಹೋಗೋಣ" ಅಂದಳು ಹೆಂಡತಿ. ಅವಳದು ಹನ್ನೊಂದು ವರ್ಷದ ಜಪಾನಿ ಸೆಡಾನ್. ಅದನ್ನು ತೊಳೆಯುವುದು ಮಳೆ, ಒರೆಸುವುದು ಗಾಳಿ. ನಾನು ಒಪ್ಪಲಿಲ್ಲ. ಹೆಂಗಸರು, ಮಗಳು, ಒಬ್ಬಟ್ಟಿನ ಡಬ್ಬಿ ಅದರಲ್ಲಿ ಬರಲಿ, ನಾನು ಮಾವ ಇದರಲ್ಲಿ ಅಂದೆ. ರೇಷ್ಮೆ ಜುಬ್ಬ, ಜರಿ ಅಂಚಿನ ಪಂಚೆ, ಶಲ್ಯ. ಗ್ಯಾರೇಜಿಗೆ ಇಳಿದು ಕೀಲಿಯ ಗುಂಡಿ ಒತ್ತಿದೆ. ಕಾರು ಸುಮ್ಮನಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಆ ಕಾರಿನ ಬಾಗಿಲಿಗೆ ಹಿಡಿ ಇಲ್ಲ. ಒಂದು ಸಂದಿಯಲ್ಲಿ ರಬ್ಬರ್ ಗುಂಡಿ ಇದೆ, ಒತ್ತಿದರೆ ಮೋಟರ್ ಚಿಲಕ ತೆಗೆಯುತ್ತೆ. ಅಮೆರಿಕದ ಸ್ಪೋರ್ಟ್ಸ್ ಕಾರಿನವರಿಗೂ ಬಾಗಿಲಿಗೂ ಮೊದಲಿಂದ ಅಷ್ಟಕ್ಕಷ್ಟೇ. 1992ರ ಡಾಡ್ಜ್ ವೈಪರ್‌ಗೆ ಹೊರಗಡೆ ಹಿಡಿಯೇ ಇರಲಿಲ್ಲ, ಕಿಟಕಿಗೆ ಗಾಜೂ ಇರಲಿಲ್ಲ. ಒಳಗೆ ಕೈ ತೂರಿಸಿ ಬಾಗಿಲು ತೆಗೆಯಬೇಕು. ಇಳಿಯುವಾಗ ಬಾಗಿಲ ಕೆಳಗೇ ಹಾದುಹೋಗುವ ಸೈಲೆನ್ಸರ್ ಮೀನಖಂಡಕ್ಕೆ ಬರೆ ಹಾಕುತ್ತಿತ್ತು. ಅಂಥದ್ದನ್ನೂ ಜನ ಮುಗಿಬಿದ್ದು ಕೊಂಡರು.

"ಸೆಲ್ಫ್ ಹೊಡೀತಿಲ್ವಾ?" ಅಂತ ಮಾವ ಬಂದರು.

"ಸೆಲ್ಫಿನವರೆಗೆ ಹೋಗೇ ಇಲ್ಲ ಮಾವ. ಬಾಗಿಲೇ ತೆಗೀತಿಲ್ಲ. ಬ್ಯಾಟರಿ ಸತ್ತಿದೆ."

"ಬಾಗಿಲಿಗೂ ಬ್ಯಾಟ್ರಿಗೂ ಏನು ಸಂಬಂಧ?"

ಈ ಪ್ರಶ್ನೆಯನ್ನು ಆ ಕಾರು ಮಾಡಿದವರಿಗೆ ಯಾರಾದರೂ ಕೇಳಬೇಕಿತ್ತು. ಬ್ಯಾಟರಿ ಇರುವುದು ಬಾನೆಟ್ ಕೆಳಗೆ. ಬಾನೆಟ್ಟಿನ ಲಿವರ್ ಕಾರಿನ ಒಳಗೆ. ಒಳಗೆ ಹೋಗಲು ಬಾಗಿಲು ಬೇಕು, ಬಾಗಿಲಿಗೆ ಬ್ಯಾಟರಿ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. "ತಳ್ಳಿ ಸ್ಟಾರ್ಟ್ ಮಾಡೋಣ" ಅಂದರು ಮಾವ. ಇದನ್ನು ತಳ್ಳಿದರೂ ಆಗುವುದಿಲ್ಲ, ಸ್ಟೇರಿಂಗೂ ಲಾಕಾಗಿದೆ ಅಂದೆ. "ಹಾಗಾದ್ರೆ ಇಳಿಜಾರಲ್ಲಿ ನಿಲ್ಲಿಸಬೇಕಿತ್ತು" ಅಂದರು. ಡಿಪೋದ ಬುದ್ಧಿ.

ದಾರಿ ಒಂದಿತ್ತು. ಹಿಂದಿನ ನಂಬರ್ ಪ್ಲೇಟಿನ ಮೇಲೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಒಂದು ಕೀಲಿ ತೂತು. ತಿರುಗಿಸಿದರೆ ಡಿಕ್ಕಿಯ ಗಾಜಿನ ಮುಚ್ಚಳ ಏಳುತ್ತೆ. ಒಳಗೆ ಎಡಗಡೆ ಒಂದು ದಾರ, ಎಳೆದರೆ ಡ್ರೈವರ್ ಬಾಗಿಲು ತೆರೆಯುತ್ತೆ. ಎಳೆದೆ. ದಾರ ಕೈಗೆ ಬಂತು. ಬಾಗಿಲು ಬರಲಿಲ್ಲ.

ಉಳಿದದ್ದು ಡ್ರೈವರ್ ಸೀಟಿನ ಪಕ್ಕ ನೆಲದ ಮೇಲಿರುವ ಲಿವರ್. ಬ್ಯಾಟರಿ ಸತ್ತಾಗ ಒಳಗೆ ಸಿಕ್ಕಿಕೊಂಡವರು ಹೊರಗೆ ಬರಲಿ ಅಂತ ಇಟ್ಟಿದ್ದು. ಹೊರಗಿದ್ದವನು ಅದನ್ನು ಎಳೆಯಬೇಕಾದರೆ ಮೊದಲು ಒಳಗೆ ಹೋಗಿ ಸಿಕ್ಕಿಕೊಳ್ಳಬೇಕು. ಸಿಕ್ಕಿಕೊಂಡೆ. ಮಂಡಿಯೂರಿ, ತಲೆ ತಗ್ಗಿಸಿ, ದಂಡ ನಮಸ್ಕಾರದ ಹಾಗೆ ಡಿಕ್ಕಿಯೊಳಗೆ ತೆವಳಿದೆ. ಅರ್ಧ ಹೋಗಿದ್ದೆ. ಮುಚ್ಚಳವನ್ನು ಎತ್ತಿ ಹಿಡಿಯಬೇಕಾದ ಗ್ಯಾಸ್ ರಾಡುಗಳಿಗೂ ವಯಸ್ಸಾಗಿತ್ತು. ಮುಚ್ಚಳ ಮೆಲ್ಲಗೆ ಇಳಿಯಿತು. ಮೊದಲು ಬೆನ್ನಿಗೆ ತಾಗಿತು. ಗಾಬರಿಯಲ್ಲಿ ಕಾಲೆಳೆದುಕೊಂಡೆ. ಟಕ್ ಅಂತ ಲಾಕಾಯಿತು.

ಒಳಗೆ ನಾನು. ಹೊರಗೆ ನನ್ನ ಪಂಚೆಯ ಒಂದು ಮೊಳ.

ಮುಂದಕ್ಕೆ ತೆವಳಿದರೆ ಪಂಚೆ ಬರುವುದಿಲ್ಲ. ಪಂಚೆ ಬರಬೇಕಾದರೆ ನಾನು ಮುಂದಕ್ಕೆ ಹೋಗುವ ಹಾಗಿಲ್ಲ. ಹಿಂದಿನ ಗಾಜು ದೊಡ್ಡದು, ಅಂಗಡಿಯ ಶೋಕೇಸಿನ ಹಾಗೆ ಎಲ್ಲ ಕಾಣುತ್ತೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು. ಅದೇ ಹೊತ್ತಿಗೆ ಎದುರು ಮನೆಯ ಅಜ್ಜ ನಾಯಿ ಹಿಡಿದುಕೊಂಡು ಬಂದರು. ಇಡೀ ಚಳಿಗಾಲ ಮುಖ ತೋರಿಸದ ಮನುಷ್ಯ. ನಿಂತರು. ಕಾರು ನೋಡಿದರು, ನನ್ನನ್ನು ನೋಡಿದರು, ಹೆಬ್ಬೆರಳೆತ್ತಿ "ಬ್ಯೂಟಿಫುಲ್ ಕಾರ್!" ಅಂದರು. ಗಾಜಿನ ಒಳಗಿಂದ ನಾನೂ ಹೆಬ್ಬೆರಳೆತ್ತಿದೆ. ಬೇರೆ ಏನು ಮಾಡಲಿ?

"ಅಳಿಯಂದ್ರೇ, ಪಂಚೆ ನಾನು ಹಿಡ್ಕೊಂಡಿದೀನಿ. ನೀವು ಹೋಗಿ" ಅಂತ ಹಿಂದಿನಿಂದ ಮಾವನ ಧೈರ್ಯ. ಪಂಚೆ ಬಿಟ್ಟೆ. ಜುಬ್ಬ, ಚಡ್ಡಿ, ಶಲ್ಯದಲ್ಲಿ ಸೀಟಿನ ಮೇಲಿಂದ ತಲೆಕೆಳಗಾಗಿ ಇಳಿದೆ. ಸೊಂಟ ಲಟಕ್ ಅಂದಿದ್ದು ಆಗಲೇ. ಲಿವರ್ ಎಳೆದೆ, ಬಾಗಿಲು ತೆರೆಯಿತು. ಮೊದಲು ಹೊರಗೆ ಬಂದದ್ದು ನನ್ನ ತಲೆ. ಎದುರಿಗೆ ಮಾವ ಕುಕ್ಕರಗಾಲಲ್ಲಿ ಕೂತಿದ್ದರು.

"ಅದು ಸರಿ" ಅಂದರು. "ಇದು ಎಷ್ಟು ಕೊಡುತ್ತೆ?"

ಜಪಾನಿ ಸೆಡಾನನ್ನು ಪಕ್ಕಕ್ಕೆ ತಂದು ಅದರ ಬ್ಯಾಟರಿಯಿಂದ ಇದರ ಬ್ಯಾಟರಿಗೆ ಜಂಪರ್ ಕೇಬಲ್ ಹಾಕಿದೆವು. ಎಮ್ಮೆಗೆ ಮೇಕೆ ಹಾಲು ಕುಡಿಸಿದ ಹಾಗಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಒಬ್ಬಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಇಂಜಿನ್ ಓಡಿಸುತ್ತಾ, ಏನೂ ಅನ್ನದೆ ಕೂತಿದ್ದಳು. ಅಂದಿದ್ದರೆ ವಾಸಿಯಿತ್ತು.

ಕೊನೆಗೆ ವಿ8 ಎದ್ದಿತು. ಗೋಡೆಗೆ ನೇತುಹಾಕಿದ್ದ ಹಿಮ ಗೋರುವ ಸಲಿಕೆ ಗಡಗಡ ನಡುಗಿತು. ಮಾವ ಮಾತು ನಿಲ್ಲಿಸಿದರು. ಹತ್ತಿರ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಬೆಳಗಿನ ಜಾವ ಡಿಪೋದಲ್ಲಿ ಸಾಲಾಗಿ ಬಸ್ಸುಗಳು ಸ್ಟಾರ್ಟ್ ಆಗುವಾಗ ಯಾವುದರ ಸದ್ದಿನಲ್ಲಿ ಏನು ಕೊರತೆ ಅಂತ ಹಾಸಿಗೆಯಿಂದಲೇ ಹೇಳುತ್ತಿದ್ದರಂತೆ, ಅತ್ತೆ ಯಾವಾಗಲೋ ಹೇಳಿದ್ದು. ರಿಟೈರಾಗಿ ಹದಿನಾಲ್ಕು ವರ್ಷ. ಇಲ್ಲಿಗೆ ಬಂದ ಮೇಲೆ ಅವರ ದಿನವೆಲ್ಲ ಸೋಫಾ, ಟಿವಿ, ಕಿಟಕಿ. ಮಾತಾಡಲು ಜನವಿಲ್ಲ, ನಡೆದು ಹೋಗಲು ಅಂಗಡಿಯಿಲ್ಲ. "ಒಳ್ಳೇ ಇಂಜಿನ್" ಅಂದರು. ಆ ಕೈಯನ್ನು ಅವರು ಬೇಗ ತೆಗೆಯಲಿಲ್ಲ. ತಡವಾಗುತ್ತಿದ್ದರೂ ನಾನೂ ಹೊರಡೋಣ ಅನ್ನಲಿಲ್ಲ.

ದಾರಿಯಲ್ಲಿ ಮತ್ತೆ ಶುರು. ನಾನು ಫಸ್ಟ್ ಗೇರಿನಿಂದ ಸೆಕೆಂಡಿಗೆ ಎಳೆದರೆ ಕೋಲು ತಾನಾಗಿ ನಾಲ್ಕಕ್ಕೆ ಹೋಯಿತು. ನಿಧಾನವಾಗಿ ಓಡಿಸಿದರೆ ಅದು ಹಾಗೇ, ಪೆಟ್ರೋಲ್ ಉಳಿಯಲಿ ಅಂತ ಎರಡು, ಮೂರಕ್ಕೆ ಹೋಗಲು ಬಿಡುವುದಿಲ್ಲ. "ಸೆಕೆಂಡ್ ಎಲ್ಲಿ ಹೋಯ್ತು?" ಅಂದರು ಮಾವ, ಮನೆಯಲ್ಲಿ ಚಮಚ ಕಳೆದವರ ಹಾಗೆ. ಸರ್ಕಾರದ ಮೈಲೇಜ್ ಲೆಕ್ಕಕ್ಕೆ ಕಂಪನಿಯವರು ಮಾಡಿದ ಉಪಾಯ ಅಂದೆ. ಇಲ್ಲಿ 1978ರಲ್ಲೇ ಒಂದು ಕಾನೂನು ಬಂತು. ಕಾರು ಗ್ಯಾಲನ್ನಿಗೆ 22.5 ಮೈಲಿ, ಅಂದರೆ ಲೀಟರಿಗೆ ಸುಮಾರು ಒಂಬತ್ತೂವರೆ ಕಿಲೋಮೀಟರ್ ಕೊಡದಿದ್ದರೆ ತೆರಿಗೆ. ಈಗ ಅದು ಕನಿಷ್ಠ 1000 ಡಾಲರ್. ಮಾವನ ಮುಖ ಅರಳಿತು. "ನೋಡಿ, ಅವರೂ ಎಷ್ಟು ಕೊಡುತ್ತೆ ಅಂತಾನೇ ಕೇಳಿರೋದು!" ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಊರೊಳಗೆ ಲೀಟರಿಗೆ ಆರು ಅಂದೆ. "ನಮ್ಮ ಬಸ್ಸು ಐದು ಕೊಡ್ತಿತ್ತು" ಅಂದರು. "ಐವತ್ತೈದು ಜನ ಕೂರಿಸಿಕೊಂಡು. ಮೇಲೆ ಕೋಳಿ ಬುಟ್ಟಿ ಬೇರೆ."

ನಾವು ತಲುಪುವಷ್ಟರಲ್ಲಿ ಬೇವು ಬೆಲ್ಲ ಮುಗಿದು ಮಕ್ಕಳ ಫ್ಯಾನ್ಸಿ ಡ್ರೆಸ್ ನಡೆದಿತ್ತು. ಪಂಚೆಯ ಜರಿ ಅಂಚಿನಲ್ಲಿ ಅಂಗೈಯಗಲ ಗ್ರೀಸು. ಮೂವರು ಪಾರ್ಕಿಂಗಿಗೆ ಬಂದು ಕಾರು ನೋಡಿದರು. ಮೂವರೂ ಕೇಳಿದ್ದು ಅದೇ ಪ್ರಶ್ನೆ. ಉತ್ತರ ಹೇಳುವ ಕೆಲಸವನ್ನು ಮಾವ ಸಂತೋಷದಿಂದ ವಹಿಸಿಕೊಂಡರು.

ಸೋಮವಾರ ಸರ್ವಿಸಿಗೆ ಒಯ್ದೆ. ಅಲ್ಲಿನ ಕೌಂಟರಿನ ಹುಡುಗನ ಬಾಯಲ್ಲಿ ಇರುವುದು ಒಂದೇ ವಾಕ್ಯ. ಹಿಂದಿನ ದೀಪದೊಳಗೆ ನೀರು ನಿಂತಾಗ ಅಂದಿದ್ದ, "ಇವೆಲ್ಲಾ ಹೀಗೇ ಮಾಡ್ತವೆ." ಗೇರ್ ಹಾಕಿದಾಗ ಹಿಂದೆ ದಡ್ ಅಂದಾಗ, ಸೀಟು ತೊಟ್ಟಿಲ ಹಾಗೆ ಅಲುಗಾಡಿದಾಗ, ಆಗಲೂ ಅಂದಿದ್ದ. ಈ ಸಲ ಅರ್ಧ ದಿನ ಇಟ್ಟುಕೊಂಡು, ದೋಷವೇನೂ ಕಾಣಲಿಲ್ಲ ಅಂತ ಬರೆದು ಬಿಲ್ ಕೊಟ್ಟ. ಮತ್ತೆ ಬ್ಯಾಟರಿ ಸತ್ತದ್ದು? ನಾನೂ ಅವನೂ ಒಟ್ಟಿಗೆ ಹೇಳಿದೆವು. ನಾನು ಕನ್ನಡದಲ್ಲಿ.

ಬೇಜಾರಾದಾಗ ನಾನು ನೆನಪಿಸಿಕೊಳ್ಳುವುದು ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿರುವ ಕಾರ್ವೆಟ್ ಅನ್ನುವ ಅಮೆರಿಕನ್ ಸ್ಪೋರ್ಟ್ಸ್ ಕಾರುಗಳ ಮ್ಯೂಸಿಯಮ್ಮನ್ನು. 2014ರ ಫೆಬ್ರವರಿ 12ರ ಬೆಳಗಿನ ಜಾವ ಅಲ್ಲಿ ನೆಲವೇ ಬಾಯಿ ಬಿಟ್ಟು ಎಂಟು ಕಾರುಗಳನ್ನು ನುಂಗಿತು. ಅದರಲ್ಲಿ ಹತ್ತು ಲಕ್ಷನೇ ಕಾರ್ವೆಟ್ಟೂ ಇತ್ತು. ಓಡಿಸಿದ್ದಲ್ಲ, ಗುದ್ದಿದ್ದಲ್ಲ, ದೀಪದ ಕೆಳಗೆ ಒರೆಸಿ ನಿಲ್ಲಿಸಿದ್ದು. ನನ್ನದು ನಿಂತಲ್ಲೇ ಬರೀ ಬ್ಯಾಟರಿ ಕಳೆದುಕೊಂಡಿತು. ಪುಣ್ಯ.

ಮನೆಗೆ ಬಂದು ಕಾರು ನಿಲ್ಲಿಸಿ ಚಾರ್ಜರ್ ಹುಡುಕಿದೆ. ವೈರು ನೀಟಾಗಿ ಸುತ್ತಿ ಮೊಳೆಗೆ ನೇತುಹಾಕಿತ್ತು. ಅದರ ಪ್ಲಗ್ಗಿನ ಜಾಗದಲ್ಲಿ ಹೆಂಡತಿಯ ವೆಟ್ ಗ್ರೈಂಡರ್. ಸದ್ದು ಜಾಸ್ತಿ ಅಂತ ಅದನ್ನು ಗ್ಯಾರೇಜಿಗೆ ಹಾಕಿಸಿದ್ದು ನಾನೇ. ಯಾರು ತೆಗೆದಿದ್ದು ಅಂತ ಕೇಳುವ ಮೊದಲೇ ಮಾವ ಅಂದರು, "ನಾನೇ. ಬಂದ ವಾರವೇ ತೆಗೆದೆ. ಹಸಿರು ಲೈಟು ಹಗಲೂ ರಾತ್ರಿ ಸುಮ್ನೆ ಉರೀತಿತ್ತು. ಕರೆಂಟು ದಂಡ ಅಲ್ವಾ?"

ಈಗ ಚಾರ್ಜರ್ ಮತ್ತೆ ಹಾಕಿದ್ದೇನೆ. ಗ್ರೈಂಡರ್ ಅಡುಗೆಮನೆಗೆ ಬಂದಿದೆ. ಅದು ತಿರುಗುವಾಗ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಮಾವ ಮಾತ್ರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಅದರ ಮೇಲೆ ಅಂಗೈ ಇಟ್ಟುಕೊಂಡಿರುತ್ತಾರೆ. ಬೇರಿಂಗ್ ಹೋಗಿದೆಯಂತೆ.