ಶ್ರೀಮಂತರು ಇನ್ನೂ ಜಾಸ್ತಿ ತೆರಿಗೆ ಕಟ್ಟಬೇಕಾ? ಪರ ಮತ್ತು ವಿರೋಧ

ಪರ: ಕಟ್ಟಲೇಬೇಕು, ಆದರೆ ಯಾರು ಅಂತ ಮೊದಲು ನೋಡಿ

ಶ್ರೀಮಂತರಿಗೆ ತೆರಿಗೆ ಹೆಚ್ಚಿಸಿ ಅಂದರೆ ಮೊದಲು ಮುನಿಸಿಕೊಳ್ಳುವವರು ದೊಡ್ಡ ಸಂಬಳದ ನೌಕರರು. ಅವರ ಸಿಟ್ಟು ನ್ಯಾಯವಾದದ್ದೇ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಂಡಿರುತ್ತಾರೆ, ಒಂದು ಪೈಸೆ ಮುಚ್ಚಿಡಲೂ ಆಗುವುದಿಲ್ಲ. ಹೆಸರು ಮಾಡಿದ ಸರ್ಜನ್, ಕಂಪನಿಯ ಮ್ಯಾನೇಜರ್, ಇವರೆಲ್ಲ ಈಗಾಗಲೇ ಸಾಕಷ್ಟು ಕಟ್ಟುತ್ತಿದ್ದಾರೆ. ನನ್ನ ವಾದ ಇವರ ಬಗ್ಗೆ ಅಲ್ಲವೇ ಅಲ್ಲ. ಸಂಬಳದ ಹಂಗೇ ಇಲ್ಲದೆ, ಆಸ್ತಿಯಿಂದಲೇ ಆಸ್ತಿ ಬೆಳೆಯುವ ಮಟ್ಟಕ್ಕೆ ಏರಿದವರ ಬಗ್ಗೆ.

ಅಮೆರಿಕದ ಶೇರು ಹೂಡಿಕೆದಾರ, ಬಿಲಿಯನೇರ್ ವಾರನ್ ಬಫೆಟ್ 2011ರಲ್ಲಿ ತಮ್ಮ ತೆರಿಗೆ ಲೆಕ್ಕವನ್ನು ತಾವೇ ಪತ್ರಿಕೆಯಲ್ಲಿ ಬರೆದರು. ತೆರಿಗೆಗೆ ಒಳಪಡುವ ಆದಾಯದಲ್ಲಿ ಅವರು ಕಟ್ಟಿದ್ದು ಶೇ. 17.4. ಅವರದೇ ಆಫೀಸಿನಲ್ಲಿ ದುಡಿಯುವವರು ಕಟ್ಟಿದ್ದು ಸರಾಸರಿ ಶೇ. 36. ಬಫೆಟ್ ಯಾವ ಕಳ್ಳಲೆಕ್ಕವನ್ನೂ ಬರೆದಿರಲಿಲ್ಲ. ಸಂಬಳಕ್ಕೆ ಒಂದು ದರ, ಶೇರು ಮಾರಿದ ಲಾಭಕ್ಕೆ ಮತ್ತು ಡಿವಿಡೆಂಡಿಗೆ (ಕಂಪನಿ ಶೇರುದಾರರಿಗೆ ಹಂಚುವ ಲಾಭಕ್ಕೆ) ಅದಕ್ಕಿಂತ ಕಡಿಮೆ ದರ ಅಂತ ಕಾನೂನೇ ಹೇಳುತ್ತಿತ್ತು. ದುಡಿದು ತಂದ ಹಣಕ್ಕೆ ಜಾಸ್ತಿ, ಕೂತಲ್ಲಿಗೆ ಬಂದ ಹಣಕ್ಕೆ ಕಡಿಮೆ. ಇದಕ್ಕೆ ಏನೇನೋ ಆರ್ಥಿಕ ಕಾರಣ ಕೊಡುತ್ತಾರೆ, ಆದರೆ ಆ ಆಫೀಸಿನ ಗುಮಾಸ್ತರಿಗೆ ಮುಖ ಕೊಟ್ಟು ಅದನ್ನು ವಿವರಿಸುವುದು ಕಷ್ಟ.

ಇದು ಶೇರು ಮಾರುವವರ ಕಥೆ. ಅಸಲಿ ಸಿರಿವಂತರು ಮಾರುವುದೇ ಇಲ್ಲ. ಅವರ ಕೈಯಲ್ಲಿರುವ ಶೇರಿನ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗುತ್ತದೆ, ಮಾರದೇ ಇರುವುದರಿಂದ ಅದು ಆದಾಯ ಅಂತ ಲೆಕ್ಕಕ್ಕೆ ಬರುವುದಿಲ್ಲ, ಖರ್ಚಿಗೆ ಬೇಕಾದಾಗ ಆ ಶೇರನ್ನೇ ಅಡ ಇಟ್ಟು ಕಡಿಮೆ ಬಡ್ಡಿಗೆ ಸಾಲ ತೆಗೆದುಕೊಳ್ಳುತ್ತಾರೆ, ಸಾಲವೂ ಆದಾಯ ಅಲ್ಲವಲ್ಲ, ಹಾಗಾಗಿ ಅದಕ್ಕೂ ತೆರಿಗೆ ಇಲ್ಲ. ಬಂಗಲೆ ಬರುತ್ತದೆ, ವಿಮಾನ ಬರುತ್ತದೆ, ಆದಾಯ ಮಾತ್ರ ಬರುವುದಿಲ್ಲ! ಅಮೆರಿಕದಲ್ಲಂತೂ ಆ ಮನುಷ್ಯ ತೀರಿಕೊಂಡರೆ ಮಕ್ಕಳ ಕೈಗೆ ಶೇರು ಬರುವುದು ಸಾವಿನ ದಿನದ ಬೆಲೆಯಲ್ಲಿ. ಜೀವಮಾನವಿಡೀ ಏರಿದ ಲಾಭಕ್ಕೆ ಕಟ್ಟಬೇಕಿದ್ದ ಆದಾಯ ತೆರಿಗೆ ಅಲ್ಲಿಗೆ ಅಳಿಸಿಹೋಗುತ್ತದೆ.

ಇದರ ಅಳತೆ ಎಷ್ಟು? ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2021ರಲ್ಲಿ ಅಲ್ಲಿನ 25 ಅತಿ ಶ್ರೀಮಂತರ ತೆರಿಗೆ ದಾಖಲೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿತು. 2014ರಿಂದ 2018ರವರೆಗೆ ಅವರ ಸಂಪತ್ತು ಏರಿದ್ದು 40,100 ಕೋಟಿ ಡಾಲರ್. ಅದೇ ಐದು ವರ್ಷದಲ್ಲಿ ಅವರು ಕೇಂದ್ರಕ್ಕೆ ಕಟ್ಟಿದ ಆದಾಯ ತೆರಿಗೆ 1,360 ಕೋಟಿ ಡಾಲರ್. ಅಂದರೆ ಶೇ. 3.4. ಸಂಪತ್ತಿನ ಏರಿಕೆಯನ್ನು ಆದಾಯ ಅಂತ ಲೆಕ್ಕ ಹಾಕುವುದೇ ತಪ್ಪು ಅಂತ ಆಗ ಗಲಾಟೆ ಮಾಡಿದವರೂ ಇದ್ದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯೇ. ಆದರೆ ಅದನ್ನು ತೋರಿಸಿ ಬ್ಯಾಂಕಿನಲ್ಲಿ ಸಾಲ ಎತ್ತುವಾಗ ಅದು ನಿಜವಾದ ಸಂಪತ್ತು, ತೆರಿಗೆ ಕೇಳಿದಾಗ ಬರೀ ಕಾಗದದ ಮೇಲಿನ ಲೆಕ್ಕ ಅಂದರೆ ಹೇಗೆ?

ಇನ್ನೊಂದು ಕಡೆ ಬಡವರನ್ನು ನೋಡಿ. ಆದಾಯ ತೆರಿಗೆ ಕಟ್ಟುವವರು ಕೆಲವೇ ಜನ, ಉಳಿದವರೆಲ್ಲ ಬಿಟ್ಟಿ ಅನ್ನುವ ಮಾತು ಆಗಾಗ ಕೇಳುತ್ತೇವೆ. ಸುಮ್ನೆ ಹೇಳುವ ಮಾತು. ಸೋಪು ಕೊಂಡರೂ ತೆರಿಗೆ, ಚಪ್ಪಲಿ ಕೊಂಡರೂ ತೆರಿಗೆ. ದುಡಿದಿದ್ದೆಲ್ಲ ಆ ತಿಂಗಳೇ ಖರ್ಚಾಗುವ ಮನೆಯವರು ಹೆಚ್ಚುಕಡಿಮೆ ಇಡೀ ಗಳಿಕೆಯ ಮೇಲೆ ಈ ತೆರಿಗೆ ಕಟ್ಟುತ್ತಾರೆ. ಕೋಟಿಗಟ್ಟಲೆ ಇರುವವರು ಎಷ್ಟು ಸೋಪು ಕೊಂಡಾರು?

ತೆರಿಗೆ ಏರಿಸಿದರೆ ಬೆಳವಣಿಗೆ ನಿಂತುಹೋಗುತ್ತದೆ ಅನ್ನುವುದು ಹಳೆಯ ಬೆದರಿಕೆ. 1950ರ ದಶಕದಲ್ಲಿ ಅಮೆರಿಕದ ಅತ್ಯುನ್ನತ ದರ ಶೇ. 91 ಇತ್ತು. ವಿನಾಯಿತಿಗಳು ಬೇಕಾದಷ್ಟಿದ್ದವು, ಪೂರ್ತಿ 91 ಕಟ್ಟಿದವರು ತೀರಾ ಕಡಿಮೆ, ಒಪ್ಪುತ್ತೇನೆ. ಆದರೂ ಆ ದಶಕದಲ್ಲಿ ಆ ದೇಶ ಮುಳುಗಲಿಲ್ಲ. ಹೆದ್ದಾರಿಗಳು ಎದ್ದವು, ಮಧ್ಯಮ ವರ್ಗ ಬೆಳೆಯಿತು.

ಪಿತ್ರಾರ್ಜಿತದ ವಿಷಯವೂ ಅಷ್ಟೇ. ಜಪಾನಿನಲ್ಲಿ ಇದರ ಮೇಲಿನ ತೆರಿಗೆ ಶೇ. 55ರವರೆಗೂ ಹೋಗುತ್ತದೆ, ದಕ್ಷಿಣ ಕೊರಿಯಾದಲ್ಲಿ ಶೇ. 50. ಸ್ಯಾಮ್‌ಸಂಗ್ ಮುಖ್ಯಸ್ಥ ಲೀ ಕುನ್ ಹೀ 2020ರಲ್ಲಿ ತೀರಿಕೊಂಡಾಗ ಅವರ ಕುಟುಂಬ 12 ಲಕ್ಷ ಕೋಟಿ ವಾನ್‌ಗೂ ಜಾಸ್ತಿ ತೆರಿಗೆಯನ್ನು ಐದು ವರ್ಷದಲ್ಲಿ ಕಂತು ಕಂತಾಗಿ ಕಟ್ಟುವುದಾಗಿ ಹೇಳಿತು. ಕಂಪನಿ ಮುಚ್ಚಿಹೋಯಿತಾ? ಫೋನು, ಟಿವಿ ಇಂದಿಗೂ ಬರುತ್ತಲೇ ಇವೆ. ಸ್ವಂತ ಬುದ್ಧಿಯಿಂದ ಗಳಿಸಿದವರಿಗೆ ಯಾಕೆ ಶಿಕ್ಷೆ ಅಂತ ಕೇಳುವವರು ಪಿತ್ರಾರ್ಜಿತ ತೆರಿಗೆಯನ್ನಾದರೂ ಬೆಂಬಲಿಸಬೇಕಲ್ವಾ? ಅಲ್ಲಿ ಮಗ ಮಾಡಿದ ಸಾಧನೆ ಹುಟ್ಟಿದ್ದೊಂದೇ.

ಕೊನೆಯದಾಗಿ, ಓಡಿಹೋಗುತ್ತಾರೆ ಅನ್ನುವ ಭಯ. ಹಿಂದೆ ಅದರಲ್ಲಿ ಸತ್ಯ ಇತ್ತು. ಈಗ ಬ್ಯಾಂಕ್ ಗುಟ್ಟು ಮೊದಲಿನಷ್ಟು ಗುಟ್ಟಾಗಿಲ್ಲ. 2017ರಿಂದ ಒಂದೊಂದಾಗಿ 100ಕ್ಕೂ ಹೆಚ್ಚು ದೇಶಗಳು ಪರದೇಶದವರ ಖಾತೆಯ ವಿವರವನ್ನು ತಾವಾಗಿ ಒಬ್ಬರಿಗೊಬ್ಬರು ಕಳಿಸುವ ವ್ಯವಸ್ಥೆಗೆ ಸೇರಿವೆ. ಅಮೆರಿಕ ತನ್ನ ಪ್ರಜೆ ಎಲ್ಲಿದ್ದರೂ ತೆರಿಗೆ ಕೇಳುತ್ತದೆ. 2024ರಲ್ಲಿ ಬ್ರೆಜಿಲ್ ಜಿ20 ಅಧ್ಯಕ್ಷತೆ ವಹಿಸಿದ್ದಾಗ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಝುಕ್‌ಮನ್ ಒಂದು ಯೋಜನೆ ಮುಂದಿಟ್ಟರು: ಜಗತ್ತಿನ ಸುಮಾರು 3,000 ಬಿಲಿಯನೇರ್‌ಗಳು ವರ್ಷಕ್ಕೆ ತಮ್ಮ ಸಂಪತ್ತಿನ ಕನಿಷ್ಠ ಶೇ. 2ರಷ್ಟನ್ನಾದರೂ ತೆರಿಗೆಯಾಗಿ ಕಟ್ಟಲಿ. ಅದರಿಂದ ವರ್ಷಕ್ಕೆ 20,000ದಿಂದ 25,000 ಕೋಟಿ ಡಾಲರ್ ಬರುತ್ತದೆ ಅಂತ ಅವರ ಅಂದಾಜು. ಶೇರು, ಆಸ್ತಿ ಎಲ್ಲ ಅದಕ್ಕಿಂತ ಜೋರಾಗಿ ಬೆಳೆಯುವ ವರ್ಷಗಳಲ್ಲಿ ಇದನ್ನು ಕಟ್ಟಿದ ಮೇಲೂ ಅವರು ಇನ್ನಷ್ಟು ಶ್ರೀಮಂತರೇ ಆಗಿರುತ್ತಾರೆ. ಇಷ್ಟನ್ನೂ ಕೇಳಬಾರದಾ?

ವಿರೋಧ: ಮಾಡಿ ನೋಡಿ ಆಗಿದೆ, ಬಂದಿದ್ದು ಚಿಲ್ಲರೆ

ಮೇಲಿನ ವಾದದಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ. ತೊಂದರೆ ಏನೆಂದರೆ, ಇದೇನೂ ಹೊಸ ಐಡಿಯಾ ಅಲ್ಲ. ಭಾರತದಷ್ಟು ಶ್ರದ್ಧೆಯಿಂದ ಇದನ್ನು ಮಾಡಿ ನೋಡಿದ ದೇಶಗಳು ಕಡಿಮೆ.

1973-74ರಲ್ಲಿ ಇಲ್ಲಿನ ಆದಾಯ ತೆರಿಗೆಯ ಗರಿಷ್ಠ ದರ ಸರ್ಚಾರ್ಜ್ (ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಸೇರಿ ಶೇ. 97.75. ಕೊನೆಯ ಸ್ಲ್ಯಾಬಿನಲ್ಲಿ ಇನ್ನೊಂದು 100 ರೂಪಾಯಿ ದುಡಿದರೆ ಕೈಗೆ ಉಳಿಯುವುದು 2 ರೂಪಾಯಿ 25 ಪೈಸೆ. ಇದರ ಮೇಲೆ ಸಂಪತ್ತು ತೆರಿಗೆ ಬೇರೆ. ಎರಡೂ ಸೇರಿದರೆ ಕೆಲವರಿಗೆ ಗಳಿಸಿದ್ದಕ್ಕಿಂತ ಕಟ್ಟುವುದೇ ಜಾಸ್ತಿ ಆಗುತ್ತಿತ್ತು. ಯಾರು ಕಟ್ಟುತ್ತಾರೆ ಹೇಳಿ? ಜನ ಎರಡು ಲೆಕ್ಕದ ಪುಸ್ತಕ ಇಟ್ಟರು, ಮನೆ ಮಾರಿದರೆ ಅರ್ಧ ಬಿಳಿ ಅರ್ಧ ಕಪ್ಪು ಅಂತ ಮಾತಾಯಿತು, ಆಸ್ತಿ ಬೇನಾಮಿ ಹೆಸರಿಗೆ ಹೋಯಿತು. 1971ರಲ್ಲೇ ಕಪ್ಪುಹಣದ ಬಗ್ಗೆ ಸರ್ಕಾರ ನೇಮಿಸಿದ್ದ ವಾಂಛೂ ಸಮಿತಿ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಕಪ್ಪುಹಣಕ್ಕೆ ವಿಪರೀತ ದರವೇ ದೊಡ್ಡ ಕಾರಣ, ಶೇ. 75ಕ್ಕೆ ಇಳಿಸಿ ಅಂತ. ಆಮೇಲೆ ಇಳಿಸುತ್ತಾ ಇಳಿಸುತ್ತಾ 1997ಕ್ಕೆ ಶೇ. 30ಕ್ಕೆ ಬಂತು. ಆ ಹೊತ್ತಿಗೆ ಕಪ್ಪುಹಣ ಜನರ ಅಭ್ಯಾಸವೇ ಆಗಿಬಿಟ್ಟಿತ್ತು. ದರ ಇಳಿಸಿದಷ್ಟು ಸುಲಭವಾಗಿ ಅಭ್ಯಾಸ ಇಳಿಯುವುದಿಲ್ಲ.

ಪಿತ್ರಾರ್ಜಿತ ತೆರಿಗೆಯನ್ನೂ ಹಾಕಿ ನೋಡಿದ್ದೇವೆ. ಎಸ್ಟೇಟ್ ಡ್ಯೂಟಿ 1953ರಲ್ಲಿ ಬಂತು, ಮೇಲಿನ ದರ ಒಂದು ಹಂತದಲ್ಲಿ ಶೇ. 85ರವರೆಗೂ ಹೋಯಿತು. ವಸೂಲಿಯಾಗುವ ಹಣ ನೋಡಿದರೆ ಅದರ ತಲೆನೋವೇ ಜಾಸ್ತಿ ಅಂತ 1985ರಲ್ಲಿ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ತೆಗೆದುಹಾಕಿದರು. 1957ರ ಸಂಪತ್ತು ತೆರಿಗೆಯನ್ನು 2015ರಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ತೆಗೆದರು. 2013-14ರಲ್ಲಿ ಇಡೀ ದೇಶದಿಂದ ಅದು ತಂದಿದ್ದು 1,008 ಕೋಟಿ ರೂಪಾಯಿ. ಅದರ ಬದಲಿಗೆ ಒಂದು ಕೋಟಿ ಮೀರಿದ ಆದಾಯದವರಿಗೆ ಶೇ. 2ರಷ್ಟು ಸರ್ಚಾರ್ಜ್ ಏರಿಸಿದರೆ 9,000 ಕೋಟಿ ಬರುತ್ತದೆ ಅಂತ ಅವರು ಲೆಕ್ಕ ಕೊಟ್ಟರು. ಆ ಸಂಪತ್ತು ತೆರಿಗೆಯಲ್ಲಿ ಶೇರುಗಳೇ ಸೇರಿರಲಿಲ್ಲ, ಅದಕ್ಕೇ ಕಡಿಮೆ ಬಂತು ಅಂತ ಪರ ವಾದಿಸುವವರು ಹೇಳಬಹುದು. ನಿಜ. ಆದರೆ ಶೇರುಗಳನ್ನು ಹೊರಗಿಟ್ಟಿದ್ದು ಯಾಕೆ? ಉದ್ಯಮದಲ್ಲಿ ಹೂಡಿದ ಹಣಕ್ಕೆ ಪ್ರತಿ ವರ್ಷ ಕತ್ತರಿ ಹಾಕಿದರೆ ಹೂಡಿಕೆಯೇ ಸೊರಗುತ್ತದೆ ಅಂತ. ಎಲ್ಲ ದೇಶಗಳಲ್ಲೂ ಇದೇ ಆಗುತ್ತದೆ. ಮೊದಲು ತೆರಿಗೆ ಹಾಕುತ್ತಾರೆ, ಆಮೇಲೆ ಒಂದೊಂದೇ ವಿನಾಯಿತಿ ಕೊಡುತ್ತಾರೆ, ಕೊನೆಗೆ ವಿನಾಯಿತಿ ಹುಡುಕಲು ಆಡಿಟರ್ ಇಲ್ಲದವರು ಮಾತ್ರ ಕಟ್ಟುತ್ತಾರೆ.

ಹೊರಗಿನ ಕಥೆಯೂ ಬೇರೆ ಅಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಕೂಟದ 12 ದೇಶಗಳಲ್ಲಿ 1990ರಲ್ಲಿ ಸಂಪತ್ತು ತೆರಿಗೆ ಇತ್ತು, 2017ಕ್ಕೆ ನಾಲ್ಕೇ ಉಳಿದವು. ಫ್ರಾನ್ಸಿನಲ್ಲಿ ಆಗಿನ ಅಧ್ಯಕ್ಷ ಹೊಲಾಂಡ್ ಸರ್ಕಾರ 10 ಲಕ್ಷ ಯೂರೋ ಮೀರಿದ ಸಂಬಳಕ್ಕೆ ಶೇ. 75 ತೆರಿಗೆ ತಂದಾಗ ನಟ ದೆಪಾರ್ದಿಯೂ ರಷ್ಯಾದ ಪಾಸ್‌ಪೋರ್ಟ್ ಪಡೆದರು, ಫುಟ್‌ಬಾಲ್ ಕ್ಲಬ್‌ಗಳು ಮುಷ್ಕರದ ಮಾತಾಡಿದವು, ಎರಡೇ ವರ್ಷಕ್ಕೆ ಅದನ್ನು ಕೈಬಿಟ್ಟರು. ನಾರ್ವೆ 2022ರಲ್ಲಿ ಸಂಪತ್ತು ತೆರಿಗೆ ಏರಿಸಿದಾಗ ಅಲ್ಲಿನ ಹಲವು ಸಿರಿವಂತರು ಸ್ವಿಟ್ಜರ್ಲೆಂಡಿಗೆ ಹೊರಟರು. ತಮಾಷೆ ಏನೆಂದರೆ ಸ್ವಿಟ್ಜರ್ಲೆಂಡಿನಲ್ಲೂ ಸಂಪತ್ತು ತೆರಿಗೆ ಇದೆ. ಆದರೆ ಸಾಮಾನ್ಯವಾಗಿ ಅಲ್ಲಿ ಸ್ವಂತ ಶೇರು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಒಂದು ಕೈಯಲ್ಲಿ ತೆಗೆದುಕೊಂಡರೂ ಇನ್ನೊಂದು ಕೈಯನ್ನು ಸಡಿಲ ಬಿಟ್ಟಿದ್ದಾರೆ. ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇವೆ ಅನ್ನುವವರ ಹತ್ತಿರ ಯಾರೂ ನಿಲ್ಲುವುದಿಲ್ಲ.

ಸ್ವೀಡನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಸಮಾನತೆಯ ಮಾತು ಬಂದಾಗಲೆಲ್ಲ ಎಲ್ಲರೂ ಬೆರಳು ತೋರಿಸುವುದು ಅತ್ತ ಕಡೆಗೇ. ಅದೇ ಸ್ವೀಡನ್ ಪಿತ್ರಾರ್ಜಿತ ತೆರಿಗೆಯನ್ನು 2004ರ ಕೊನೆಗೆ ತೆಗೆಯಿತು. ತೆಗೆದವರು ಬಲಪಂಥದವರಲ್ಲ, ಸೋಶಿಯಲ್ ಡೆಮಾಕ್ರಟ್‌ಗಳು. 2007ರಲ್ಲಿ ಸಂಪತ್ತು ತೆರಿಗೆಯೂ ಹೋಯಿತು. ಐಕಿಯಾ ಕಟ್ಟಿದ ಇಂಗ್ವಾರ್ ಕಾಂಪ್ರಾಡ್ 1970ರ ದಶಕದಲ್ಲಿ ದೇಶ ಬಿಟ್ಟವರು, 2014ರಲ್ಲಿ ವಾಪಸ್ ಬಂದರು. ಹಾಗಾದರೆ ಅಲ್ಲಿನ ಒಳ್ಳೆಯ ಶಾಲೆ, ಆಸ್ಪತ್ರೆಗೆ ದುಡ್ಡು ಎಲ್ಲಿಂದ? ಎಲ್ಲರಿಂದ. ಕೊಳ್ಳುವ ಹೆಚ್ಚಿನ ವಸ್ತುಗಳಿಗೆ ಶೇ. 25 ವ್ಯಾಟ್, ಸಾಮಾನ್ಯ ನೌಕರರ ಸಂಬಳದಿಂದಲೂ ಸ್ಥಳೀಯ ಆಡಳಿತಕ್ಕೆ ಸುಮಾರು ಶೇ. 32. ಶ್ರೀಮಂತರಿಂದ ಕಿತ್ತುಕೊಂಡು ಎಲ್ಲರಿಗೂ ಎಲ್ಲವನ್ನೂ ಕೊಡಬಹುದು ಅನ್ನುವುದು ಭಾಷಣಕ್ಕೆ ಚೆಂದ. ಸೌಲಭ್ಯ ಚೆನ್ನಾಗಿರಬೇಕು ಅಂದರೆ ಮಧ್ಯಮ ವರ್ಗವೂ ಜೇಬಿಗೆ ಕೈ ಹಾಕಬೇಕು ಅನ್ನುವುದನ್ನು ಯಾವ ರಾಜಕಾರಣಿಯೂ ಚುನಾವಣೆ ಹೊತ್ತಲ್ಲಿ ಹೇಳುವುದಿಲ್ಲ.

ಹಾಕಿದ ತೆರಿಗೆ ಯಾರ ತಲೆಗೆ ಬೀಳುತ್ತದೆ ಅನ್ನುವುದೂ ಮುಖ್ಯ. 1991ರಲ್ಲಿ ಅಮೆರಿಕ ಒಂದು ಲಕ್ಷ ಡಾಲರ್ ಮೀರಿದ ವಿಹಾರ ದೋಣಿಗಳಿಗೆ, ಆ ಮಿತಿ ಮೀರಿದ ಬೆಲೆಯ ಮೇಲೆ, ಶೇ. 10 ಐಷಾರಾಮಿ ತೆರಿಗೆ ಹಾಕಿತು. ಶ್ರೀಮಂತರು ದೋಣಿ ಕೊಳ್ಳುವುದನ್ನೇ ಬಿಟ್ಟರು ಇಲ್ಲವೇ ಹಳೆಯದರಲ್ಲೇ ತೃಪ್ತಿಪಟ್ಟರು. ಕೆಲಸ ಕಳೆದುಕೊಂಡವರು ದೋಣಿ ಕಟ್ಟುವ ಬಡಗಿಗಳು, ಬಣ್ಣ ಹೊಡೆಯುವವರು. ಆಗ ಆರ್ಥಿಕ ಹಿಂಜರಿತವೂ ಇತ್ತು, ಪೂರ್ತಿ ತಪ್ಪನ್ನು ತೆರಿಗೆ ಮೇಲೇ ಹಾಕುವುದು ಸರಿಯಲ್ಲ. ಆದರೂ 1993ರಲ್ಲಿ ಆ ದೋಣಿ ತೆರಿಗೆಯನ್ನು ರದ್ದು ಮಾಡಿದರು.

ಇನ್ನು ಝುಕ್‌ಮನ್ ಹೇಳಿದ ಆ ಶೇ. 2ರ ವಿಷಯ. ಒಬ್ಬ ಹುಡುಗಿ ಕಂಪನಿ ಶುರುಮಾಡಿದ್ದಾಳೆ ಅಂದುಕೊಳ್ಳಿ. ಹೂಡಿಕೆದಾರರು ಅದಕ್ಕೆ ದೊಡ್ಡ ಬೆಲೆ ಕಟ್ಟಿದ್ದಾರೆ, ಆದರೆ ಇನ್ನೂ ಲಾಭ ಬಂದಿಲ್ಲ, ಅವಳ ಬ್ಯಾಂಕ್ ಖಾತೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕಾಗದದ ಮೇಲಿನ ಬೆಲೆಗೆ ತೆರಿಗೆ ಕಟ್ಟು ಅಂದರೆ ಅವಳು ಪ್ರತಿ ವರ್ಷ ಕಂಪನಿಯ ಒಂದಷ್ಟು ಪಾಲು ಮಾರಬೇಕು. ಮುಂದಿನ ವರ್ಷ ಕಂಪನಿ ಕುಸಿದರೆ ಸರ್ಕಾರ ವಾಪಸ್ ಕೊಡುತ್ತದಾ? ಮಾರುಕಟ್ಟೆಯಲ್ಲಿ ಇಲ್ಲದ ಕಂಪನಿ, ಹಳೆಯ ಪೇಂಟಿಂಗ್, ಪೇಟೆಂಟ್, ಇವುಗಳ ಬೆಲೆ ನಿರ್ಧರಿಸುವವರು ಯಾರು? ಒಬ್ಬ ಅಧಿಕಾರಿ. ಆ ಅಧಿಕಾರಿಯ ಪೆನ್ನಿಗೆ ಎಷ್ಟು ಬೆಲೆ ಬರುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪರ ವಾದದಲ್ಲಿ ನನ್ನ ಮನಸ್ಸು ಕಲಕಿದ್ದು ಅಡ ಇಟ್ಟು ಸಾಲ ಎತ್ತುವ ಉಪಾಯ. ಅದು ನಿಜವಾದ ತೂತು, ಮುಚ್ಚಬೇಕು. ಶೇರು ಅಡ ಇಟ್ಟು ಸ್ವಂತ ಖರ್ಚಿಗೆ ಸಾಲ ಪಡೆದ ದಿನವೇ ಅಷ್ಟು ಶೇರು ಮಾರಿದಂತೆ ಲೆಕ್ಕ ಹಾಕಿ ಲಾಭಕ್ಕೆ ತೆರಿಗೆ ಹಾಕಿ, ಸತ್ತಾಗ ಹಳೆಯ ಲಾಭ ಅಳಿಸಿಹೋಗುವ ನಿಯಮ ಇರುವ ಕಡೆ ಅದನ್ನು ತೆಗೆಯಿರಿ. ಆಗ ಕೈಗೆ ಹಣ ಬಂದ ಹೊತ್ತಲ್ಲೇ ತೆರಿಗೆ ಕೇಳಿದಂತಾಗುತ್ತದೆ, ಯಾವ ಅಧಿಕಾರಿಯೂ ಪೇಂಟಿಂಗ್ ನೋಡಿ ಬೆಲೆ ಕಟ್ಟಬೇಕಾಗಿಲ್ಲ. ಇದರಲ್ಲೂ ತೊಡಕಿಲ್ಲದಿಲ್ಲ. ವ್ಯಾಪಾರಕ್ಕೆ ಬಂಡವಾಳ ಬೇಕಾಗಿ ಶೇರು ಅಡ ಇಡುವ ಸಣ್ಣ ಉದ್ಯಮಿಯನ್ನು ಹೊರಗಿಡಬೇಕು, ಅದಕ್ಕೊಂದು ಮಿತಿ ಬೇಕು, ಮಿತಿ ಬಂದ ಮರುದಿನವೇ ದೊಡ್ಡವರ ಸಾಲಗಳೆಲ್ಲ ತುಂಡು ತುಂಡಾಗಿ ಆ ಮಿತಿಯ ಕೆಳಗೆ ನುಸುಳಲು ಶುರುವಾಗುತ್ತವೆ.