ಪಂಚರ್ ಆಗಿದೆ ಸಾರ್

ಬೆಳಗಿನ ಜಾವ ಮೂರು ಗಂಟೆ. ಹಿರಿಯೂರು ದಾಟಿದ ಮೇಲೆ ಒಂದು ಢಾಬಾ ಮುಂದೆ ನಮ್ಮ ಬಸ್ಸು ನಿಂತಿತ್ತು. ಟೀ ಕುಡಿಯೋಣ ಅಂತ ಇಳಿದೆ. ಪಕ್ಕದಲ್ಲಿ ಹತ್ತು ಚಕ್ರದ ಒಂದು ಲಾರಿ. ಲೋಡಿನ ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಹಿಂದೆ ‘ನಿಧಾನವೇ ಪ್ರಧಾನ’ ಅಂತ ಬರೆದಿತ್ತು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ಕ್ಲೀನರ್ ಹುಡುಗ ಫೋನಿನಲ್ಲಿ ಮಾತಾಡುತ್ತಿದ್ದ.

“ಹೂಂ ಸಾರ್... ಪಂಚರ್ ಆಗಿದೆ ಸಾರ್... ಹಿಂದಿನ ಚಕ್ರ, ಒಳಗಡೇದು... ಅಣ್ಣ ಜಾಕಿ ಹಾಕ್ತಾವ್ನೆ, ಅದ್ಕೇ ಫೋನ್ ಎತ್ತಿಲ್ಲ ಸಾರ್.”

ನಾನು ಬಗ್ಗಿ ನೋಡಿದೆ. ಜಾಕಿ ಇಲ್ಲ. ಹತ್ತೂ ಚಕ್ರ ಕಲ್ಲಿನ ಹಾಗೆ ಗಟ್ಟಿಯಾಗಿವೆ. ಅಣ್ಣ ಕ್ಯಾಬಿನ್ನಿನಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದಾನೆ. ಒಂದು ಕಾಲು ಕಿಟಕಿಯಿಂದ ಹೊರಗೆ. ಗೊರಕೆ ಟೀ ಒಲೆಯ ತನಕ ಕೇಳಿಸುತ್ತಿದೆ.

ಹುಡುಗ ಫೋನು ಜೇಬಿಗಿಟ್ಟು ನಕ್ಕ. “ಗಾಡಿ ನಿಂತು ಇಪ್ಪತ್ತು ನಿಮಿಷ ಆದ್ರೆ ಓನರ್ ಮೊಬೈಲ್‌ನಾಗೆ ಕುಯ್ಯಿ ಅಂತದೆ ಸಾರ್. ತಕ್ಷಣ ಫೋನು, ‘ಗಾಡಿ ಯಾಕೆ ನಿಂತದೆ?’ ಅಂತ. ನಿದ್ದೆ ಅಂದ್ರೆ ಬೈತಾರೆ. ಪಂಚರ್ ಅಂದ್ರೆ ಏನೂ ಅನ್ನಲ್ಲ.”

ಟೈರಿಗೆ ಸುಸ್ತಾಗಬಹುದು. ಮನುಷ್ಯನಿಗೆ ಆಗುವಂತಿಲ್ಲ. ಹಾಗಂತ ಮನುಷ್ಯನಿಗೆ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಭರ್ಜರಿ ಕಾನೂನಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಎಲ್ಲ ಬರೆದಿಟ್ಟರು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ದಾರಿಯಾದರೆ ಅನುಮತಿ ತಗೊಂಡು ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು. ವಾರಕ್ಕೊಂದು ರಜೆ. 1988ರ ಮೋಟಾರು ವಾಹನ ಕಾಯ್ದೆಯನ್ನು ಹೋಗಿ ಕೇಳಿದರೆ, ‘ನಮ್ಮ ಹಿರಿಯರು 1961ರಲ್ಲಿ ಹೇಳಿದ್ದಾರೆ, ಅವರನ್ನೇ ಕೇಳಿ’ ಅಂತ ಅತ್ತ ಬೆರಳು ತೋರಿಸುತ್ತದೆ. ಆ ಹಿರಿಯರನ್ನು ಆಮೇಲೆ 2020ರ ಕಾರ್ಮಿಕ ಸಂಹಿತೆಯ ಹೊಟ್ಟೆಗೆ ಸೇರಿಸಿದರು. ಹೊಟ್ಟೆಯೊಳಗೂ ಎಂಟು ಗಂಟೆ ಎಂಟೇ ಆಗಿ ಉಳಿದಿದೆ. ಆರು ದಶಕದಲ್ಲಿ ಒಂದು ನಿಮಿಷ ಆಚೆ ಈಚೆ ಆಗಿಲ್ಲ. ಬಳಸದ ಸಾಮಾನು ಹಾಗೇ, ಸವೆಯುವುದಿಲ್ಲ.

1961ರ ಕಾಯ್ದೆ ಬರೆದವರ ಜಾಣತನಕ್ಕೆ ಕೈ ಮುಗಿಯಬೇಕು. ಮೊದಲನೆಯದು, ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸಕ್ಕಿದ್ದ ಕಡೆ ಮಾತ್ರ ಆ ಕಾಯ್ದೆ ಅನ್ವಯವಾಗುತ್ತಿತ್ತು. ನಮ್ಮ ರಸ್ತೆಯ ಲಾರಿಗಳೋ, ಒಂದು ಎರಡು ಗಾಡಿ ಇಟ್ಟುಕೊಂಡವರವೇ ಎಷ್ಟೋ. ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್, ಸಾಲದ ಕಂತು ಒಂದು. ಇವರಿಗೆ ನಿದ್ದೆ ಬರಬೇಕಾದರೆ ಇನ್ನೂ ಮೂರು ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕಿತ್ತು.

ಎರಡನೆಯದು ಇನ್ನೂ ಸೊಗಸು. ಕೆಲಸದ ಗಂಟೆ ಅಂದರೆ ಏನು ಅಂತ ವಿವರಿಸುವಾಗ, ನಿಲ್ದಾಣದಲ್ಲಿ ಸುಮ್ನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದನ್ನೂ ಕೆಲಸಕ್ಕೆ ಸೇರಿಸಿದ್ದಾರೆ. ಕಡಿಮೆ ಇದ್ದರೆ! ಹದಿನಾಲ್ಕು ನಿಮಿಷ ಕಾದರೆ ದುಡಿಮೆ. ಗೋಡೌನ್ ಮುಂದೆ ಎರಡು ದಿನ ಬಿಸಿಲಲ್ಲಿ ಲೋಡಿಗೆ ಕಾದರೆ? ಅದು ವಿಹಾರ ಇರಬೇಕು. ಹಮಾಲರು ಬರಲಿಲ್ಲ, ಗೇಟ್ ಪಾಸ್ ಆಗಲಿಲ್ಲ, ಸಾಹೇಬರು ಊಟಕ್ಕೆ ಹೋಗಿದ್ದಾರೆ. ಡ್ರೈವರ್ ಮಾತ್ರ ಲೆಕ್ಕದ ಪ್ರಕಾರ ಹಾಯಾಗಿದ್ದಾನೆ. ಲೋಡ್ ಆದ ಮೇಲೆ, ‘ಎರಡು ದಿನ ರೆಸ್ಟ್ ಆಯ್ತಲ್ಲ, ಇನ್ನು ನಿಲ್ಲಿಸದೆ ಹೋಗಪ್ಪಾ’ ಅಂತಾರೆ.

ಈಗ ಒಂದು ಸಣ್ಣ ಲೆಕ್ಕ. ಬೆಂಗಳೂರಿಂದ ಮುಂಬೈಗೆ ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಲೋಡ್ ಲಾರಿ ಗಂಟೆಗೆ ಸರಾಸರಿ 40 ಹೋಯಿತು ಅಂತ ಹಿಡಿದರೆ 25 ಗಂಟೆಯ ಓಟ. ದಿನಕ್ಕೆ ಎಂಟರಂತೆ ಮೂರು ದಿನ ಚಿಲ್ಲರೆ. ಆದರೆ ಓನರ್ ಸರಕಿನ ಪಾರ್ಟಿಗೆ ಮಾತು ಕೊಟ್ಟಿರುವುದು ಎರಡು ರಾತ್ರಿ. ಅದೇ ಲಾರಿಯಲ್ಲಿ ಇನ್ನೊಬ್ಬ ಪ್ರಯಾಣಿಕ ಇದ್ದಾನೆ, ಇ-ವೇ ಬಿಲ್ಲು, ಅಂದರೆ ಸರಕಿನ ಜೊತೆ ಹೋಗುವ ಜಿಎಸ್‌ಟಿ ಕಾಗದ. ಅವನಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಅವಧಿ. ಅಂದರೆ ಮುಂಬೈ ಮುಟ್ಟಲು ಐದು ದಿನ. 2021ಕ್ಕೆ ಮುಂಚೆ ಇನ್ನೂ ಆರಾಮಾಗಿತ್ತು, 100 ಕಿಲೋಮೀಟರಿಗೇ ಒಂದು ದಿನ. ಕಾಗದಕ್ಕೆ ಆಯಾಸ ಆಗಬಾರದು ಅಂತ ಎಷ್ಟು ಕಾಳಜಿ ನೋಡಿ. ದಾರಿಯಲ್ಲಿ ತಡವಾಯಿತಾ? ಅವಧಿ ಮುಗಿಯುವ ಮುಂಚಿನ 8 ಗಂಟೆ, ಮುಗಿದ ನಂತರದ 8 ಗಂಟೆ, ಅಷ್ಟರೊಳಗೆ ಕಾರಣ ಹೇಳಿ ವಿಸ್ತರಿಸಿಕೊಳ್ಳಬಹುದು. ನಾನು ಇಷ್ಟು ದಿನ ಹುಡುಕುತ್ತಿದ್ದ ಆ ಎಂಟು ಗಂಟೆ ಇಲ್ಲಿ ಸಿಕ್ಕಿತು. ಬಿಲ್ಲಿನ ಅವಧಿ ಮೀರಿದರೆ ಅಧಿಕಾರಿ ಗಾಡಿ ಅಡ್ಡ ಹಾಕಿ ದಂಡ ಕಟ್ಟಿಸುತ್ತಾರೆ. ಡ್ರೈವರನ ಅವಧಿ ಮೀರಿದ್ದನ್ನು ನೋಡಿ ಗಾಡಿ ಅಡ್ಡ ಹಾಕಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಲೆಕ್ಕ ಸಿಗುವುದಿಲ್ಲ ಅಂತಲ್ಲ. ಗುಯಿಲಾಳು, ಹೆಬ್ಬಾಳು, ಚಳಗೇರಿ, ಬಂಕಾಪುರ, ಒಂದೊಂದು ಟೋಲಿನಲ್ಲೂ ಫಾಸ್ಟ್ಯಾಗ್ ಗಂಟೆ ನಿಮಿಷ ಸಮೇತ ಗುರುತು ಹಾಕುತ್ತದೆ. ಸಾಲದ್ದಕ್ಕೆ ಗಾಡಿಗೆ ಜಿಪಿಎಸ್. ಮೂರನೇ ಕ್ಲಾಸಿನ ಮಗು ಕೂಡಿ ಕಳೆದು ಹೇಳಬಹುದು, ಈ ಮನುಷ್ಯ ಹದಿನಾರು ಗಂಟೆಯಿಂದ ಸ್ಟೇರಿಂಗ್ ಬಿಟ್ಟಿಲ್ಲ ಅಂತ. ಆದರೆ ಆ ಲೆಕ್ಕದಿಂದ ದುಡ್ಡು ಮಾತ್ರ ಕಳೆಯುತ್ತಾರೆ.

ಹಿಂದೆ ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರ್ ಕಡ್ಡಾಯ ಅಂತ ನಿಯಮವಿತ್ತು. ಒಬ್ಬ ಓಡಿಸಬೇಕು, ಇನ್ನೊಬ್ಬ ಸೀಟಿನ ಹಿಂದೆ ಕಾಲು ಚಾಚಿ ಮಲಗಬೇಕು. 2018ರಲ್ಲಿ ಅದನ್ನು ತೆಗೆದರು, ಒಬ್ಬನೇ ಸಾಕು ಅಂದರು. ಸಿಗುವುದೇ ಒಬ್ಬ, ಎರಡನೆಯವನನ್ನು ಎಲ್ಲಿಂದ ತರೋದು ಅಂತ ಓನರ್‌ಗಳ ವಾದ. ನಿಜವೇ ಇರಬಹುದು, ಈ ಕೆಲಸಕ್ಕೆ ಮಗನನ್ನು ಕಳಿಸುತ್ತೇನೆ ಅನ್ನುವ ಡ್ರೈವರನ್ನು ನಾನು ನೋಡಿಲ್ಲ. ಆ ಲಾರಿಯಲ್ಲಿ ಸೀಟಿನ ಹಿಂದೆ ಏನಿದೆ ಅಂತ ಇಣುಕಿದೆ. ಸೀಮೆಎಣ್ಣೆ ಸ್ಟವ್, ಅರ್ಧ ಚೀಲ ಅಕ್ಕಿ, ಹಗ್ಗದ ಸುರುಳಿ, ಒಣಗಲು ಹಾಕಿದ ಲುಂಗಿ. ಎರಡನೇ ಡ್ರೈವರ್ ಇವರೇ.

ಅದಾದ ಮೂರು ವರ್ಷಕ್ಕೆ, 2021ರಲ್ಲಿ, ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು ವಿಮಾನದ ಪೈಲಟ್‌ಗಳ ಹಾಗೆ ಲಾರಿ ಡ್ರೈವರ್‌ಗಳಿಗೂ ಗಂಟೆ ನಿಗದಿಯಾಗಬೇಕು, ನಿದ್ದೆ ಪತ್ತೆ ಮಾಡುವ ಸೆನ್ಸರ್ ಬೇಕು ಅಂದರು. ಒಳ್ಳೆಯ ಮಾತೇ. ಪೈಲಟ್ ಡ್ಯೂಟಿ ಮುಗಿಯಿತು ಅಂದರೆ ವಿಮಾನ ಹಾರುವುದಿಲ್ಲ, ನಾವು ಏರ್‌ಪೋರ್ಟಿನಲ್ಲಿ ಕೂತು ಬೈಯುತ್ತೇವೆ, ಅಷ್ಟೇ ತಾನೆ? ನೆಲಮಂಗಲದ ಹತ್ತಿರ ಲಾರಿ ಡ್ರೈವರ್ ಕೆಳಗಿಳಿದು, ‘ಮಾನ್ಯ ಈರುಳ್ಳಿಗಳೇ, ನನ್ನ ಡ್ಯೂಟಿ ಅವಧಿ ಮುಗಿದಿದೆ, ಅಡಚಣೆಗೆ ವಿಷಾದಿಸುತ್ತೇನೆ’ ಅನ್ನುವ ದಿನ ಬರಲಿ ಅಂತ ನಾನು ಕಾಯುತ್ತಿದ್ದೆ.

ಬಂದದ್ದು ಬೇರೆ ದಿನ. ಪೈಲಟ್‌ಗಳಿಗೆ ಜಾಸ್ತಿ ವಿಶ್ರಾಂತಿ ಕೊಡಬೇಕು ಅಂತ ನಿಯಮ ಬಿಗಿ ಮಾಡಿದರು. 2025ರ ಡಿಸೆಂಬರಿನಲ್ಲಿ ಒಂದು ದೊಡ್ಡ ವಿಮಾನ ಕಂಪನಿಗೆ ಪೈಲಟ್‌ಗಳು ಸಾಲದೆ ಸಾವಿರಾರು ವಿಮಾನ ರದ್ದಾದವು. ಜನ ಬೊಬ್ಬೆ ಹಾಕಿದರು. ಆಮೇಲೆ ಆ ಕಂಪನಿಗೆ ನಿಯಮವನ್ನೇ ಕೆಲ ಕಾಲ ಸಡಿಲಿಸಿದರು. ಲಾರಿ ಡ್ರೈವರನ್ನು ಪೈಲಟ್ ಮಾಡಲು ಹೊರಟಿದ್ದೆವು, ಪೈಲಟ್ಟೇ ಲಾರಿ ಡ್ರೈವರ್ ಆಗುವ ಕಡೆ ಹೊರಟ. ಪಾಪ, ಅವನಿಗೆ ಪಂಚರ್ ಅಂತ ಹೇಳುವುದಕ್ಕೂ ಆಗದು.

ಸರ್ಕಾರಗಳು ಕೈಕಟ್ಟಿ ಕೂತಿಲ್ಲ. ಒಡಿಶಾದಲ್ಲಿ 2023ರ ಕೊನೆಗೆ, ರಾತ್ರಿ ಓಡಿಸುವ ಲಾರಿ ಡ್ರೈವರ್‌ಗಳಿಗೆ ಹೆದ್ದಾರಿ ಢಾಬಾಗಳಲ್ಲಿ ಪುಕ್ಕಟೆ ಟೀ ಕೊಡುವ ಯೋಜನೆ ಹಾಕಿದರು. ನಿದ್ದೆ ಬರುತ್ತಿದೆಯಾ? ಮಲಗಬೇಡ, ಟೀ ಕುಡಿ. ಎಂಟು ಗಂಟೆಯ ಕಾನೂನು ಬರೆದವರಿಗೆ ಇಷ್ಟು ಸುಲಭದ ಉಪಾಯ ಹೊಳೆಯಲೇ ಇಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಇದಕ್ಕೆ ನನ್ನ ತಕರಾರಿಲ್ಲ, ಮೇ ತಿಂಗಳಲ್ಲಿ ಕಲಬುರಗಿ ಕಡೆ ಲಾರಿಯ ಇಂಜಿನ್ ಪಕ್ಕ ಕೂತವರಿಗೆ ಗೊತ್ತು. ಆದರೆ ಒಬ್ಬ ಹಳೇ ಡ್ರೈವರ್ ತಲೆ ಕೆರೆದುಕೊಂಡು ಕೇಳಿದ, “ತಣ್ಣಗಿದ್ರೆ ನಿದ್ದೆ ಇನ್ನೂ ಜಾಸ್ತಿ ಬರಲ್ವಾ ಸಾರ್?” ಮಲಗಲು ‘ಅಪ್ನಾ ಘರ್’ ಅಂತ ಪೆಟ್ರೋಲ್ ಬಂಕುಗಳಲ್ಲಿ ವಿಶ್ರಾಂತಿ ಕೊಠಡಿಗಳೂ ಇವೆ. 2025ರ ಜುಲೈ ಹೊತ್ತಿಗೆ ದೇಶಕ್ಕೆಲ್ಲ ಸೇರಿ 368, ಹಾಸಿಗೆ 4,611. ಹಾಸಿಗೆ ಸಿಕ್ಕಿದರೂ ಗಾಡಿ ನಿಂತರೆ ಓನರ್ ಮೊಬೈಲ್ ಕುಯ್ಯಿ ಅನ್ನುವುದು ನಿಲ್ಲುವುದಿಲ್ಲವಲ್ಲ.

ಇಷ್ಟೆಲ್ಲ ಆದಮೇಲೂ ಗಾಡಿ ಎಲ್ಲೋ ಡಿವೈಡರಿಗೆ ಗುದ್ದಿದರೆ ಎಫ್‌ಐಆರ್‌ನಲ್ಲಿ ಬರೆಯುವ ಸಾಲು ಮೊದಲೇ ತಯಾರಿದೆ, ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಎರಡು ರಾತ್ರಿಯ ಮಾತು ಕೊಟ್ಟವರು ಯಾರು ಅಂತ ಕೇಳುವ ಕಾಲಂ ಇದ್ದಂತಿಲ್ಲ.

ನಮ್ಮ ಬಸ್ಸು ಹಾರನ್ ಹಾಕಿತು. ಹೊರಡುವ ಮುಂಚೆ ಹುಡುಗನನ್ನು ಕೇಳಿದೆ, “ದಿನಾ ಪಂಚರ್ ಅಂದ್ರೆ ನಿಮ್ಮ ಓನರ್‌ಗೆ ಅನುಮಾನ ಬರಲ್ವೇನೋ?”

“ಬಂದದೆ ಸಾರ್. ಫೋಟೋ ಕಳ್ಸು ಅಂತಾರೆ. ಹಳೇದೊಂದು ಮಡಗಿದೀನಿ, ಅದನ್ನೇ ಕಳಿಸ್ತೀನಿ. ಹೋದ ತಿಂಗಳು ಹನ್ನೊಂದು ಸಲ ಪಂಚರ್ ಆಯ್ತಲ್ಲ, ಅವ್ರೂ ಬೇಜಾರಾಗಿ ಈ ಟ್ರಿಪ್ ಮುಗಿಸ್ಕೊಂಡು ಬಾ, ಹತ್ತೂ ಟೈರ್ ಹೊಸಾವು ಹಾಕಿಸ್ತೀನಿ ಅಂದವ್ರೆ.”

“ಆಮೇಲೆ?”

ಹುಡುಗ ಕ್ಯಾಬಿನ್ನಿನ ಕಡೆ ನೋಡಿದ. ಕಿಟಕಿಯ ಕಾಲು ಅಲ್ಲಾಡಲಿಲ್ಲ.

“ರೇಡಿಯೇಟರ್ ಅನ್ನಾಣ ಅಂತಾವ್ನೆ ಅಣ್ಣ.”